ಧಾರ್ಮಿಕ ಹಾಗೂ ಧರ್ಮಾದಾಯ ಸಂಸ್ಥೆಗಳಿಗೆ ಮತ್ತು ಅವು ನಡೆಸುವ ಸಮಾಜ ಸೇವೆಗಳಿಗೆ ಸರ್ಕಾರದ ಧನಸಹಾಯ: ಜಮಖಂಡಿ ಉಪವಿಭಾಗದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳನ್ನೊಳಗೊಂಡ ಜಮಖಂಡಿ ಕಂದಾಯ ಉಪವಿಭಾಗದ ದೇವಾಲಯಗಳ ಅರ್ಚಕರು, ಪಂಚ ಕಮಿಟಿಗಳು, ಮಠಗಳು, ಬಸದಿ ಹಾಗೂ ಮಸೀದಿಗಳ ಆಡಳಿತ ಮಂಡಳಿಗಳು ಮತ್ತು ವಿದ್ಯಾರ್ಥಿನಿಲಯ, ಅನಾಥಾಲಯ, ವೃದ್ಧಾಶ್ರಮ ಮೊದಲಾದವನ್ನು ನಡೆಸುವ ಸಂಸ್ಥೆಗಳು ಸರ್ಕಾರದ ಧನಸಹಾಯಕ್ಕಾಗಿ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಸರ್ಕಾರದ ಹಣವು ಧಾರ್ಮಿಕ ಸಂಸ್ಥೆಯೊಂದಕ್ಕೆ ಮೂರು ಬೇರೆ ಬೇರೆ ಮಾರ್ಗಗಳಲ್ಲಿ ಬರುತ್ತದೆ. ಮೊದಲನೆಯದು, ಸಂಸ್ಥೆಯ ಜಮೀನು ಸರ್ಕಾರದಲ್ಲಿ ವಿಹಿತವಾದುದಕ್ಕೆ ಪ್ರತಿಯಾಗಿ ವರ್ಷಂಪ್ರತಿ ಸಂದಾಯವಾಗುವ ಹಣ. ಎರಡನೆಯದು, ಜೀರ್ಣೋದ್ಧಾರ ಮುಂತಾದ ಕಾಮಗಾರಿಗಳಿಗೆ ಲಭ್ಯತೆಗನುಗುಣವಾಗಿ ಮಂಜೂರಾಗುವ ಅನುದಾನ. ಮೂರನೆಯದು, ಸಂಸ್ಥೆಯು ನಡೆಸುವ ಶಾಲೆ, ವಿದ್ಯಾರ್ಥಿನಿಲಯ, ಆಶ್ರಮಗಳಂತಹ ಸೇವೆಗೆ ಸಲ್ಲುವ ಸಹಾಯಾನುದಾನ. ಮೊದಲನೆಯದು ಹಕ್ಕು, ಎರಡನೆಯದು ಸರ್ಕಾರದ ವಿವೇಚನೆ, ಮೂರನೆಯದು ಸೇವೆಗೆ ಕೊಡುವ ಹಣವೇ ಹೊರತು ಧರ್ಮಕ್ಕೆ ಕೊಡುವ ಹಣವಲ್ಲ. ಅರ್ಜಿಗಳು ಹಿಂದಿರುಗಲು ಅನೇಕ ವೇಳೆ ಅನರ್ಹತೆ ಕಾರಣವಾಗಿರುವುದಿಲ್ಲ. ಒಂದು ಮಾರ್ಗದಲ್ಲಿ ಕೇಳಬೇಕಾದುದನ್ನು ಮತ್ತೊಂದು ಮಾರ್ಗದಲ್ಲಿ ಕೇಳಿರುವುದು ಕಾರಣವಾಗಿರುತ್ತದೆ. ತನಗೆ ಹಕ್ಕಾಗಿ ಬರಬೇಕಾದ ತಸ್ತೀಕ್ ಹಣವನ್ನು ‘ದಯಮಾಡಿ ಅನುದಾನ ನೀಡಬೇಕು’ ಎಂದು ಬೇಡುವ ವೃದ್ಧ ಅರ್ಚಕರ ಅರ್ಜಿಯೂ, ಸರ್ಕಾರದ ವಿವೇಚನೆಗೆ ಬಿಟ್ಟ ಜೀರ್ಣೋದ್ಧಾರ ಹಣವನ್ನು ‘ಕೂಡಲೇ ಪಾವತಿಸತಕ್ಕದ್ದು’ ಎಂದು ಆಗ್ರಹಿಸುವ ಕಮಿಟಿಯ ಅರ್ಜಿಯೂ ಒಂದೇ ಟಪಾಲಿನಲ್ಲಿ ಬರುವುದುಂಟು.

ಸಂವಿಧಾನಾತ್ಮಕ ಹಿನ್ನೆಲೆ

ಭಾರತ ಸಂವಿಧಾನದ 27ನೇ ಅನುಚ್ಛೇದದ ಪ್ರಕಾರ, ಯಾವುದೇ ಒಂದು ನಿರ್ದಿಷ್ಟ ಧರ್ಮದ ಪ್ರಚಾರ ಅಥವಾ ಪೋಷಣೆಗಾಗಿಯೇ ವಿನಿಯೋಗಿಸಲಾಗುವ ತೆರಿಗೆಯನ್ನು ಕೊಡುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ. ಧಾರ್ಮಿಕ ಆಚರಣೆಗೆ ಸಂಬಂಧಿಸಿದ ಆರ್ಥಿಕ ಹಾಗೂ ಲೌಕಿಕ ಚಟುವಟಿಕೆಗಳನ್ನು ನಿಯಂತ್ರಿಸಲು 25ನೇ ಅನುಚ್ಛೇದವು ಸರ್ಕಾರಕ್ಕೆ ಅಧಿಕಾರ ನೀಡಿದರೆ, ತಮ್ಮ ಧಾರ್ಮಿಕ ವಿಷಯಗಳನ್ನು ತಾವೇ ನಿರ್ವಹಿಸಿಕೊಳ್ಳುವ ಹಕ್ಕನ್ನು 26ನೇ ಅನುಚ್ಛೇದವು ಪಂಥಗಳಿಗೆ ನೀಡಿದೆ.

ಈ ಅನುಚ್ಛೇದಗಳ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ಎರಡು ಪ್ರಕರಣಗಳಲ್ಲಿ ವಿವರಿಸಿತು. ಒಂದು ನಮ್ಮ ರಾಜ್ಯದ ಉಡುಪಿಯ ಶಿರೂರು ಮಠದ್ದು. ಅಂದಿನ ಮದರಾಸು ಸರ್ಕಾರವು ಸಂಸ್ಥೆಗಳ ಮೇಲೆ ವಿಧಿಸಿದ್ದ ವಂತಿಗೆಯು ಶುಲ್ಕವಲ್ಲ, ತೆರಿಗೆ ಎಂದು ನ್ಯಾಯಾಲಯವು ಅದನ್ನು ಅಸಿಂಧುಗೊಳಿಸಿತು. ಇನ್ನೊಂದು ರತಿಲಾಲ ಗಾಂಧಿ ಪ್ರಕರಣ. ಇದು 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆಗೆ ಸಂಬಂಧಿಸಿದುದು. ಆ ಕಾಯ್ದೆಯಡಿಯ ವಂತಿಗೆಯನ್ನು ಆಡಳಿತ ಸೇವೆಗೆ ಪ್ರತಿಯಾದ ಶುಲ್ಕವೆಂದು ಎತ್ತಿಹಿಡಿಯಲಾಯಿತು. ಅದೇ ಕಾಯ್ದೆ ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಭಾಗಕ್ಕೂ ಅನ್ವಯಿಸುತ್ತಿದ್ದುದರಿಂದ, ಇಲ್ಲಿನ ಹಳೆಯ ಸಂಸ್ಥೆಗಳ ಕಡತಗಳಲ್ಲಿ ಇಂದಿಗೂ ಚಾರಿಟಿ ಕಮಿಷನರ್ ಕಚೇರಿಯ ನೋಂದಣಿ ಪತ್ರಗಳು ದೊರೆಯುತ್ತವೆ.

ಈಗ ಜಾರಿಯಲ್ಲಿರುವುದು 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಹಾಗೂ ಧರ್ಮಾದಾಯ ದತ್ತಿಗಳ ಅಧಿನಿಯಮ. ಇದು 2003ರಲ್ಲಿ ಜಾರಿಗೆ ಬಂದಿತು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು ಮತ್ತು ಕೊಡಗು ಪ್ರದೇಶಗಳಿಗೆ ಅಲ್ಲಿಯವರೆಗೆ ಬೇರೆ ಬೇರೆ ಕಾನೂನುಗಳಿದ್ದವು. 2006ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಈ ಅಧಿನಿಯಮವನ್ನು ರದ್ದುಪಡಿಸಿತಾದರೂ, ಸರ್ವೋಚ್ಚ ನ್ಯಾಯಾಲಯದ ತಡೆಯಾಜ್ಞೆಯಿಂದಾಗಿ ಅದು ಮುಂದುವರಿಯಿತು. ತದನಂತರ ತಿದ್ದುಪಡಿಗಳೂ ಆದವು. ಅಧಿನಿಯಮವು ಮಠಗಳಿಗೆ ಹಾಗೂ ಮಠಗಳಿಗೆ ಸೇರಿದ ದೇವಾಲಯಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಅರ್ಜಿದಾರರು ಮುಖ್ಯವಾಗಿ ಗಮನಿಸಬೇಕು. ಊರಿನಲ್ಲಿ ‘ಗುಡಿ’ ಎಂದು ಕರೆಯಲ್ಪಡುವ ಕಟ್ಟಡವು ದಾಖಲೆಯಲ್ಲಿ ಮಠದ ಭಾಗವಾಗಿದ್ದರೆ, ಇಲಾಖೆಯ ಅಧಿಸೂಚಿತ ಸಂಸ್ಥೆಗಳ ಪಟ್ಟಿಯಲ್ಲಿ ಅದರ ಹೆಸರು ಸಿಗದಿರುವುದು ಸಹಜ.

ತಸ್ತೀಕ್ ಮತ್ತು ವರ್ಷಾಸನ

ಸಾರ್ವಜನಿಕರು ನಮ್ಮ ಇಲಾಖೆಯನ್ನು ಇಂದಿಗೂ ಮುಜರಾಯಿ ಇಲಾಖೆಯೆಂದೇ ಕರೆಯುತ್ತಾರೆ. ‘ಮುಜರಾ’ ಎಂಬುದು ಹಳೆಯ ಲೆಕ್ಕಪತ್ರದ ಶಬ್ದ. ಬರಬೇಕಾದ ಹಣದಲ್ಲಿ ಕಳೆದು ಬಿಟ್ಟುಕೊಡುವುದು ಎಂದರ್ಥ. ಕಂದಾಯದಲ್ಲಿ ಇಷ್ಟು ಭಾಗ ದೇವರ ಖರ್ಚಿಗೆ ಎಂದು ಬಿಟ್ಟುಕೊಡುತ್ತಿದ್ದ ಪದ್ಧತಿಯ ನೆನಪು ಆ ಹೆಸರಿನಲ್ಲಿದೆ. ತಸ್ತೀಕ್ ಮತ್ತು ವರ್ಷಾಸನಗಳನ್ನು ಅರ್ಥಮಾಡಿಕೊಳ್ಳಲು ಈ ಹಿನ್ನೆಲೆ ಅವಶ್ಯಕ.

ಹಿಂದಿನ ಆಳರಸರು ದೇವಾಲಯಗಳಿಗೆ ಪೂಜೆ, ದೀಪ, ನೈವೇದ್ಯಗಳ ಸಲುವಾಗಿ ಇನಾಂ ಜಮೀನುಗಳನ್ನು ಬಿಟ್ಟಿದ್ದರು. ಕೆಲವೆಡೆ ಜಮೀನಿನ ಬದಲು ಖಜಾನೆಯಿಂದ ವಾರ್ಷಿಕ ನಗದನ್ನು ಗೊತ್ತುಪಡಿಸಿದ್ದರು. ಸ್ವಾತಂತ್ರ್ಯಾನಂತರ ಇನಾಂಗಳು ರದ್ದಾದವು. ನಮ್ಮ ಭಾಗದ ಧಾರ್ಮಿಕ ಇನಾಂಗಳ ವಿಷಯದಲ್ಲಿ 1977ರ ಕರ್ನಾಟಕ ಕೆಲವು ಇನಾಂಗಳ ರದ್ದಿಯಾತಿ ಅಧಿನಿಯಮವನ್ನು ನೋಡಬೇಕಾಗುತ್ತದೆ. ಅದಕ್ಕೂ ಮೊದಲು, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಂತೆ ಗೇಣಿದಾರರ ಸಾಗುವಳಿಯಲ್ಲಿದ್ದ ದೇವಾಲಯದ ಹಾಗೂ ಮಠದ ಜಮೀನುಗಳು ಸರ್ಕಾರದಲ್ಲಿ ವಿಹಿತವಾಗಿ, ಸಾಗುವಳಿದಾರರಿಗೆ ಅಧಿಭೋಗದ ಹಕ್ಕು ದೊರೆಯಿತು. ಉಳುವವನಿಗೆ ಭೂಮಿ ಸಿಕ್ಕಿತು. ದೇವರ ನೈವೇದ್ಯಕ್ಕಿದ್ದ ಆದಾಯ ನಿಂತಿತು. ಈ ನಷ್ಟವನ್ನು ತುಂಬಲು ಇನಾಂ ರದ್ದಿಯಾತಿಗೆ ಪ್ರತಿಯಾಗಿ ತಸ್ತೀಕ್, ಭೂಸುಧಾರಣೆಗೆ ಪ್ರತಿಯಾಗಿ ಕರ್ನಾಟಕ ಭೂಸುಧಾರಣಾ ಅಧಿನಿಯಮದ 106ನೇ ಪ್ರಕರಣದನ್ವಯ ವರ್ಷಾಸನ ನಿಗದಿಯಾದವು. ಆದುದರಿಂದ ಇವು ದಾನವಲ್ಲ. ವರ್ಷಾಸನದ ಮೂಲ ಭೂಸುಧಾರಣಾ ಕಾಯ್ದೆಯಾದ್ದರಿಂದ, 1997ರ ಅಧಿನಿಯಮದ ವ್ಯಾಪ್ತಿಗೆ ಬಾರದ ಮಠವೂ ತನ್ನ ಜಮೀನು ಹಾಗೆ ವಿಹಿತವಾಗಿದ್ದಲ್ಲಿ ವರ್ಷಾಸನವನ್ನು ಕೇಳಬಹುದು. ಇದನ್ನು ತಿಳಿಯದ ಸಂಸ್ಥೆಗಳಿವೆ.

ಆದಾಯದ ಆಧಾರದ ಮೇಲೆ ಅಧಿಸೂಚಿತ ದೇವಾಲಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ: ವಾರ್ಷಿಕ ಒಟ್ಟು ಆದಾಯ 25 ಲಕ್ಷ ರೂಪಾಯಿ ಮೀರಿದವು ‘ಎ’, 5 ಲಕ್ಷದಿಂದ 25 ಲಕ್ಷದವರೆಗಿನವು ‘ಬಿ’, 5 ಲಕ್ಷಕ್ಕಿಂತ ಕಡಿಮೆಯವು ‘ಸಿ’. ರಾಜ್ಯದ ಸುಮಾರು 34 ಸಾವಿರಕ್ಕೂ ಮೇಲ್ಪಟ್ಟ ಅಧಿಸೂಚಿತ ಸಂಸ್ಥೆಗಳಲ್ಲಿ ‘ಎ’ ಮತ್ತು ‘ಬಿ’ ಎರಡೂ ಸೇರಿ ನಾಲ್ಕು ನೂರರಷ್ಟು ಮಾತ್ರ. ಉಳಿದವೆಲ್ಲ ‘ಸಿ’ ವರ್ಗದವು. ಹುಂಡಿಯಲ್ಲಿ ಹಬ್ಬದ ದಿನವಷ್ಟೇ ಕಾಸು ಕಾಣುವ ಇಂತಹ ಗುಡಿಗಳಲ್ಲಿ ದಿನವೂ ದೀಪ ಹಚ್ಚುವ ಗುರವ, ಪೂಜಾರಿ, ಹಿರೇಮಠ ಮನೆತನದವರಿಗೆ ಸರ್ಕಾರದ ಈ ಹಣವೇ ನಿಶ್ಚಿತ ಆದಾಯ. ‘ಸಿ’ ವರ್ಗದ ದೇವಾಲಯಗಳ ಅರ್ಚಕರಿಗೆ ಸಲ್ಲುವ ವಾರ್ಷಿಕ ಮೊತ್ತವನ್ನು 60,000 ರೂಪಾಯಿಗಳಿಂದ 72,000 ರೂಪಾಯಿಗಳಿಗೆ ಹೆಚ್ಚಿಸುವುದಾಗಿ 2025-26ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾಯಿತು. ತಿಂಗಳಿಗೆ ಭಾಗಿಸಿದರೆ 6,000 ರೂಪಾಯಿ. ಒಂದು ವರ್ಷದ ಹಣ ತಪ್ಪಿದರೆ ಆ ಮನೆಗೆ ಏನಾಗುತ್ತದೆಂಬುದನ್ನು ಲೆಕ್ಕ ಬಲ್ಲವರಿಗೆ ಹೇಳಬೇಕಾಗಿಲ್ಲ.

ಹಣ ತಪ್ಪಲು ಕಾರಣವಾಗುವ ಸಂದರ್ಭಗಳಲ್ಲಿ ಮುಖ್ಯವಾದುದು ಅರ್ಚಕರ ನಿಧನ. ತಂದೆಯ ನಂತರ ಮಗ ಪೂಜೆಯನ್ನು ಮುಂದುವರಿಸುತ್ತಾನೆ; ಊರಿನವರಿಗೆ ಅದರಲ್ಲಿ ಸಂಶಯವಿಲ್ಲ. ಆದರೆ ತಹಶೀಲ್ದಾರರ ಕಚೇರಿಯ ವಹಿಯಲ್ಲಿ ತಂದೆಯ ಹೆಸರೇ ಉಳಿದಿರುತ್ತದೆ. ಬ್ಯಾಂಕಿನ ಖಾತೆ ಮುಚ್ಚಿದ್ದರಿಂದ ಖಜಾನೆಯಿಂದ ಹೋದ ಹಣ ಹಿಂದಿರುಗುತ್ತದೆ. ಮಾರ್ಚ್ 31ಕ್ಕೆ ಆ ಸಾಲಿನ ಅನುದಾನ ವ್ಯಪಗತವಾದರೆ, ಬಾಕಿಯನ್ನು ಪಡೆಯಲು ಪ್ರತ್ಯೇಕ ಪ್ರಸ್ತಾವನೆ ಬೇಕಾಗುತ್ತದೆ. ಆದ್ದರಿಂದ ಅರ್ಚಕರು ನಿಧನರಾದ ಕೂಡಲೇ ಮರಣ ಪ್ರಮಾಣಪತ್ರ, ವಂಶಾವಳಿ, ಗ್ರಾಮ ಆಡಳಿತಾಧಿಕಾರಿಯ ವರದಿ, ಹೊಸ ಅರ್ಚಕರ ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರಗಳೊಂದಿಗೆ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು. ಸರದಿಯ ಮೇಲೆ ಪೂಜೆ ನಡೆಸುವ ಮನೆತನಗಳಲ್ಲಿ ಹಣ ಯಾರ ಖಾತೆಗೆ ಜಮೆಯಾಗಬೇಕೆಂಬ ಬಗ್ಗೆ ಎಲ್ಲ ಪಾಲುದಾರರ ಒಪ್ಪಿಗೆ ಪತ್ರವನ್ನು ಲಗತ್ತಿಸುವುದು ಒಳಿತು. ಅಣ್ಣತಮ್ಮಂದಿರ ತಕರಾರು ಅರ್ಜಿಯೊಂದು ಬಂದರೆ ವಿಚಾರಣೆ ಮುಗಿಯುವವರೆಗೆ ಪಾವತಿ ನಿಲ್ಲುವ ಸಂಭವವಿರುತ್ತದೆ.

ಹಳೆಯ ದಾಖಲೆ ಎಲ್ಲಿ ಹುಡುಕಬೇಕು

ತಸ್ತೀಕ್ ಅಥವಾ ವರ್ಷಾಸನವನ್ನು ಹೊಸದಾಗಿ ಕೇಳುವವರು ಇನಾಂ ಇತ್ತೆಂಬುದನ್ನು ದಾಖಲೆಯಿಂದ ತೋರಿಸಬೇಕು. ಈ ಉಪವಿಭಾಗದ ತೊಡಕು ಇರುವುದು ಇಲ್ಲಿಯೇ. ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿತ್ತು. ಮುಧೋಳವು ಘೋರ್ಪಡೆಯವರ ಸಂಸ್ಥಾನ. ಎರಡೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಬೀಳಗಿಯು ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಗೆ ಸೇರಿತ್ತು; 1885ಕ್ಕೆ ಮೊದಲು ಆ ಜಿಲ್ಲೆಯ ಕೇಂದ್ರ ಕಲಾದಗಿಯಾಗಿತ್ತು. ರಬಕವಿ-ಬನಹಟ್ಟಿಯ ಸ್ಥಿತಿ ಇನ್ನೂ ವಿಶಿಷ್ಟ. ಒಂದೇ ನಗರಸಭೆಯ ವ್ಯಾಪ್ತಿಯಲ್ಲಿರುವ ಅವಳಿ ಊರುಗಳಲ್ಲಿ ಬನಹಟ್ಟಿಯು ಜಮಖಂಡಿ ಸಂಸ್ಥಾನದ್ದು, ರಬಕವಿಯು ಸಾಂಗಲಿ ಸಂಸ್ಥಾನದ್ದು. ತೇರದಾಳವೂ ಸಾಂಗಲಿಗೆ ಸೇರಿದ್ದು. ಮಹಾಲಿಂಗಪುರ ಮುಧೋಳ ಸಂಸ್ಥಾನದ್ದು. ಹೀಗೆ ಇಂದಿನ ಒಂದು ತಾಲ್ಲೂಕಿನೊಳಗೆ ಮೂರು ಸಂಸ್ಥಾನಗಳ ದೇವಸ್ಥಾನ ಇನಾಂಗಳಿದ್ದವು. ಪ್ರತಿಯೊಂದು ಸಂಸ್ಥಾನದ ದಫ್ತರವೂ ಬೇರೆ, ಸನದು ಕೊಡುವ ಕ್ರಮವೂ ಬೇರೆ.

1956ರ ನವೆಂಬರ್ 1ರಂದು ಈ ಪ್ರದೇಶವು ವಿಜಾಪುರ ಜಿಲ್ಲೆಯ ಭಾಗವಾಗಿ ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆ ರಚನೆಯಾಯಿತು. 2018ರಲ್ಲಿ ರಬಕವಿ-ಬನಹಟ್ಟಿ ತಾಲ್ಲೂಕು ಅಸ್ತಿತ್ವಕ್ಕೆ ಬಂದಿತು. ದಾಖಲೆಗಳು ಆಡಳಿತದ ಜೊತೆಗೆ ಎಲ್ಲ ಬಾರಿಯೂ ಪ್ರಯಾಣ ಮಾಡುವುದಿಲ್ಲ. ರಬಕವಿ, ಬನಹಟ್ಟಿ, ತೇರದಾಳಗಳ ಹಳೆಯ ದಾಖಲೆಗಳಿಗೆ ಜಮಖಂಡಿ ತಹಶೀಲ್ದಾರರ ಅಭಿಲೇಖಾಲಯದಲ್ಲಿಯೂ, ಮಹಾಲಿಂಗಪುರದವರು ಮುಧೋಳದಲ್ಲಿಯೂ ಮೊದಲು ವಿಚಾರಿಸತಕ್ಕದ್ದು. ಸಂಸ್ಥಾನ ಕಾಲದ ಸನದುಗಳು ಬಹುಮಟ್ಟಿಗೆ ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿವೆ. ಮೋಡಿ ಓದಬಲ್ಲವರು ಈಗ ವಿರಳ. ಮನೆಯ ಪೆಟ್ಟಿಗೆಯಲ್ಲಿ ಅಂತಹ ಕಾಗದವಿದ್ದರೆ ಅದನ್ನು ಲ್ಯಾಮಿನೇಶನ್ ಮಾಡಿಸದೆ, ಹಿಂಬದಿಯ ಶೆರೆ ಸಹಿತ ಎರಡೂ ಮಗ್ಗುಲಿನ ಪ್ರತಿ ತೆಗೆಸಿ, ಬಲ್ಲವರಿಂದ ಲಿಪ್ಯಂತರ ಹಾಗೂ ಕನ್ನಡ ಅನುವಾದ ಮಾಡಿಸಿ ಅರ್ಜಿಯೊಂದಿಗೆ ಇಡಬೇಕು. ಮೂಲ ಪ್ರತಿಯನ್ನು ಕಚೇರಿಯಲ್ಲಿ ಬಿಟ್ಟುಹೋಗಬಾರದು. ಪರಿಶೀಲನೆಗೆ ತೋರಿಸಿ ಹಿಂಪಡೆಯಬೇಕು. ಸನದು ಇಲ್ಲದಿದ್ದಲ್ಲಿ ಹಳೆಯ ಪಹಣಿ ಉತಾರೆ, ಡೈರಿ ಅಥವಾ ಫೇರಫಾರ ನಮೂದು, ಭೂ ನ್ಯಾಯಮಂಡಳಿಯ ಆದೇಶ, ಹಿಂದಿನ ಮುಂಬಯಿ ಕಾಯ್ದೆಯಡಿಯ ನೋಂದಣಿ ಉತಾರೆ ಇವುಗಳಲ್ಲಿ ಯಾವುದು ಸಿಕ್ಕರೂ ಉಪಯುಕ್ತ.

ಆಲಮಟ್ಟಿ ಹಿನ್ನೀರಿನಿಂದ ಮುಳುಗಡೆಯಾದ ಗ್ರಾಮಗಳವರು, ವಿಶೇಷವಾಗಿ ಬೀಳಗಿ ತಾಲ್ಲೂಕಿನವರು, ಅರ್ಜಿಯಲ್ಲಿ ಪುನರ್ವಸತಿ ಕೇಂದ್ರದ ಹೆಸರಿನೊಂದಿಗೆ ಮೂಲ ಗ್ರಾಮದ ಹೆಸರನ್ನೂ ಹಳೆಯ ಸರ್ವೆ ನಂಬರನ್ನೂ ಬರೆಯಬೇಕು. ಗುಡಿ ಹೊಸ ಜಾಗಕ್ಕೆ ಬಂದಿದ್ದರೂ ಹಳೆಯ ವಹಿಗಳಲ್ಲಿ ಅದು ಹಳೆಯ ಊರಿನಲ್ಲಿಯೇ ಇರುತ್ತದೆ. ಭೂಸ್ವಾಧೀನದಲ್ಲಿ ಕಟ್ಟಡಕ್ಕೆ ಅಥವಾ ಜಮೀನಿಗೆ ಬಂದ ಪರಿಹಾರ ಧನವು ಸಂಸ್ಥೆಯ ಆಸ್ತಿಯ ಬೆಲೆ. ಅದನ್ನು ಅನುದಾನದೊಂದಿಗೆ ಬೆರೆಸಿ ಲೆಕ್ಕ ತೋರಿಸಬಾರದು.

ಜೀರ್ಣೋದ್ಧಾರ, ಆರಾಧನಾ ಮತ್ತು ಸಾಮಾನ್ಯ ಸಂಗ್ರಹಣಾ ನಿಧಿ

ದುರಸ್ತಿ ಹಾಗೂ ಜೀರ್ಣೋದ್ಧಾರದ ಅನುದಾನವನ್ನು ಹಕ್ಕೆಂದು ಕೇಳಲಾಗದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳವರ ದೇವಾಲಯಗಳನ್ನು ಗಮನದಲ್ಲಿರಿಸಿ ರೂಪಿಸಿದ ಆರಾಧನಾ ಯೋಜನೆಯಲ್ಲಿ ವಿಧಾನಸಭಾ ಸದಸ್ಯರ ಅಧ್ಯಕ್ಷತೆಯ ಸಮಿತಿಯು ಆಯ್ಕೆ ಮಾಡುತ್ತದೆ. ಅರ್ಜಿಯನ್ನು ತಹಶೀಲ್ದಾರರ ಮೂಲಕ ಸಲ್ಲಿಸುವುದು.

ಸಾಮಾನ್ಯ ಸಂಗ್ರಹಣಾ ನಿಧಿಯು ತೆರಿಗೆಯ ಹಣವಲ್ಲ. ಆದಾಯವುಳ್ಳ ದೇವಾಲಯಗಳ ವಂತಿಗೆಯಿಂದ ಬಡ ದೇವಾಲಯಗಳಿಗೆ ನೆರವಾಗುವ ನಿಧಿಯದು. 2011ರ ತಿದ್ದುಪಡಿಯಂತೆ ವಾರ್ಷಿಕ ಒಟ್ಟು ಆದಾಯ 10 ಲಕ್ಷ ಮೀರಿದ ಸಂಸ್ಥೆಗಳು ನಿವ್ವಳ ಆದಾಯದ ಶೇಕಡಾ 10ನ್ನೂ, 5ರಿಂದ 10 ಲಕ್ಷದವರೆಗಿನವು ಶೇಕಡಾ 5ನ್ನೂ ಕೊಡಬೇಕೆಂದಾಯಿತು. ಈ ಮಿತಿಗಳನ್ನು ಬದಲಿಸುವ ಮಸೂದೆ 2024ರಲ್ಲಿ ವಿಧಾನಮಂಡಲದಲ್ಲಿ ಬಂದು ವ್ಯಾಪಕ ಚರ್ಚೆಗೆ ಒಳಗಾಯಿತು. ರಾಜ್ಯಪಾಲರು ಅದನ್ನು ಸ್ಪಷ್ಟನೆ ಕೋರಿ ಹಿಂದಿರುಗಿಸಿದರು. ಆ ಸಮಯದಲ್ಲಿ ‘ಗುಡಿಯ ಹಣ ಬೇರೆ ಧರ್ಮದವರಿಗೆ ಹೋಗುತ್ತದೆ’ ಎಂಬ ಮಾತು ಬಹಳ ಕೇಳಿಬಂದಿತು. ಅಧಿನಿಯಮದಂತೆ ಈ ನಿಧಿಯ ಬಳಕೆ ಹಿಂದೂ ಧಾರ್ಮಿಕ ಸಂಸ್ಥೆಗಳಿಗೆ ಸೀಮಿತವಾದುದು. ಬಸದಿಯ ಅರ್ಚಕರು, ಸಿಖ್ ಗ್ರಂಥಿಗಳು, ಪೇಶ್ ಇಮಾಮರು ಮೊದಲಾದವರಿಗೆ ಕೊಡುವ ಗೌರವಧನವು ಬೇರೆ ಲೆಕ್ಕಶೀರ್ಷಿಕೆಯಿಂದ ಬರುತ್ತದೆ; 2025-26ರ ಆಯವ್ಯಯದಲ್ಲಿ ಅದನ್ನು ತಿಂಗಳಿಗೆ 6,000 ರೂಪಾಯಿಗೆ, ಮುಅಜ್ಜಿನರು ಹಾಗೂ ಸಹಾಯಕ ಗ್ರಂಥಿಗಳಿಗೆ 5,000 ರೂಪಾಯಿಗೆ ಹೆಚ್ಚಿಸಲಾಯಿತು. ಇದಕ್ಕಾಗಿ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯನ್ನು, ವಕ್ಫ್ ಸಂಸ್ಥೆಗಳವರು ಜಿಲ್ಲಾ ವಕ್ಫ್ ಕಚೇರಿಯನ್ನು ಸಂಪರ್ಕಿಸಬೇಕು.

ಹಳೆಯ ಕಟ್ಟಡಗಳ ವಿಷಯದಲ್ಲಿ ಒಂದು ಎಚ್ಚರಿಕೆ. ತೇರದಾಳದ ನೇಮಿನಾಥ ಬಸದಿಗೆ 12ನೇ ಶತಮಾನದ ಶಾಸನವಿದೆ. ಉಪವಿಭಾಗದಲ್ಲಿ ಪ್ರಾಚೀನ ಶಿಲ್ಪವುಳ್ಳ ಗುಡಿಗಳು ಇನ್ನೂ ಇವೆ. ಇಂತಹ ಕಟ್ಟಡವು ರಾಜ್ಯದ ಅಥವಾ ಕೇಂದ್ರದ ಸಂರಕ್ಷಿತ ಸ್ಮಾರಕವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ; ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅನುದಾನ ಬಂದಿತೆಂದು ಹಳೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿಯುವುದು, ಶಾಸನದ ಕಲ್ಲನ್ನು ಮೆಟ್ಟಿಲಿಗೆ ಹಾಕುವುದು ಜೀರ್ಣೋದ್ಧಾರವೆನಿಸುವುದಿಲ್ಲ.

ಮಂಜೂರಾತಿಗೆ ಮೊದಲೇ ಮುಗಿಸಿದ ಕಾಮಗಾರಿಗೆ ಹಣ ಮರುಪಾವತಿ ಕೇಳಬಾರದು. ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಜಾತ್ರೆಯ ಪಟ್ಟಿ ಹಣವೂ ಸರ್ಕಾರದ ಹಣವೂ ಒಂದೇ ನಗದು ಪುಸ್ತಕದಲ್ಲಿ ಬೆರೆತರೆ ಬಳಕೆ ಪ್ರಮಾಣಪತ್ರ ಸಿದ್ಧಪಡಿಸುವುದು ಕಷ್ಟ, ಅದಿಲ್ಲದೆ ಮುಂದಿನ ಕಂತು ಬಿಡುಗಡೆಯಾಗುವುದಿಲ್ಲ. ಪ್ರಾಮಾಣಿಕ ಕಮಿಟಿಗಳೇ ಇದರಲ್ಲಿ ಹೆಚ್ಚು ಸಿಕ್ಕಿಬೀಳುತ್ತವೆ. ಅವರ ಕೈ ಶುದ್ಧವಿರುತ್ತದೆ, ವಹಿ ಶುದ್ಧವಿರುವುದಿಲ್ಲ.

ಸಮಾಜ ಸೇವೆಗೆ ಸಹಾಯಾನುದಾನ

ಮಠ ಅಥವಾ ಧಾರ್ಮಿಕ ಟ್ರಸ್ಟ್ ನಡೆಸುವ ಸೇವಾ ಸಂಸ್ಥೆಗೆ ನೆರವು ಬರುವುದು ಈ ಇಲಾಖೆಯಿಂದಲ್ಲ. ಶಾಲೆಗೆ ಶಾಲಾ ಶಿಕ್ಷಣ ಇಲಾಖೆ, ಖಾಸಗಿ ಅನುದಾನಿತ ವಿದ್ಯಾರ್ಥಿನಿಲಯ ಹಾಗೂ ಅನಾಥಾಲಯಗಳಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಅಥವಾ ಸಮಾಜ ಕಲ್ಯಾಣ ಇಲಾಖೆ, ವೃದ್ಧಾಶ್ರಮ ಹಾಗೂ ವಿಶೇಷ ಶಾಲೆಗಳಿಗೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಅಲ್ಲಿ ನೋಡುವುದು ಮಕ್ಕಳ ಹಾಜರಾತಿ, ಕಟ್ಟಡದ ಸುರಕ್ಷತೆ, ಲೆಕ್ಕಪರಿಶೋಧನೆ. ಸಂಸ್ಥೆ ಯಾವ ಧರ್ಮದವರದು ಎಂಬುದನ್ನಲ್ಲ. 28ನೇ ಅನುಚ್ಛೇದದಂತೆ, ಸರ್ಕಾರದ ನೆರವು ಪಡೆಯುವ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಅವನ ಅಥವಾ ಪಾಲಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. 29ನೇ ಅನುಚ್ಛೇದದಂತೆ ಧರ್ಮ, ಜಾತಿಗಳ ಕಾರಣದಿಂದ ಪ್ರವೇಶ ನಿರಾಕರಿಸುವಂತಿಲ್ಲ. ಅನುದಾನಿತ ಶಾಲೆಯ ಮಕ್ಕಳಿಗೆ ಅಕ್ಷರ ದಾಸೋಹದ ಊಟ ದೊರೆಯುವುದೂ ಇದೇ ನ್ಯಾಯದಿಂದ. ಆ ಯೋಜನೆಯ ಹೆಸರು ಮಠಗಳ ದಾಸೋಹದಿಂದ ಬಂದುದು ಎಂಬುದು ಬೇರೆ ಮಾತು.

ಆಡಳಿತ ಮಂಡಳಿಗಳು ಇಲ್ಲಿ ಒಂದು ಗಂಭೀರ ವಿಷಯವನ್ನು ಗಮನಿಸಬೇಕು. ಪೋಷಣೆ ಮತ್ತು ರಕ್ಷಣೆ ಅವಶ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಯು, ಸರ್ಕಾರದ ಹಣ ಪಡೆಯಲಿ ಬಿಡಲಿ, 2015ರ ಬಾಲನ್ಯಾಯ ಕಾಯ್ದೆಯ 41ನೇ ಪ್ರಕರಣದಡಿ ನೋಂದಣಿ ಪಡೆಯುವುದು ಕಡ್ಡಾಯ. ‘ನಾವು ಭಕ್ತರ ದಾನದಿಂದಲೇ ನಡೆಸುತ್ತೇವೆ, ನಮಗೇಕೆ ನೋಂದಣಿ’ ಎಂಬ ವಾದ ನಿಲ್ಲುವುದಿಲ್ಲ. ತಪಾಸಣೆಯ ದಿನ ನೋಂದಣಿಯಿಲ್ಲದ ಆಶ್ರಮದಿಂದ ಮಕ್ಕಳನ್ನು ಬೇರೆಡೆಗೆ ಸ್ಥಳಾಂತರಿಸಬೇಕಾಗಿ ಬಂದರೆ ಶಾಲೆ ಬಿಟ್ಟು, ಗೆಳೆಯರನ್ನು ಬಿಟ್ಟು ಹೋಗುವವರು ಆ ಮಕ್ಕಳು.

ಉಚಿತ ಪ್ರಸಾದ ಹಂಚುವ ಸಂಸ್ಥೆಗಳಿಗಾಗಿ ಕೇಂದ್ರ ಸಂಸ್ಕೃತಿ ಸಚಿವಾಲಯವು 2018ರಲ್ಲಿ ಸೇವಾ ಭೋಜ್ ಯೋಜನೆಯನ್ನು ಆರಂಭಿಸಿತು. ತಿಂಗಳಿಗೆ ಕನಿಷ್ಠ 5,000 ಜನರಿಗೆ ಉಚಿತ ಊಟ ನೀಡುವ ಸಂಸ್ಥೆಗಳು ಆಹಾರ ಸಾಮಗ್ರಿಯ ಮೇಲೆ ಕೊಟ್ಟ ಕೇಂದ್ರ ಸರಕು ಮತ್ತು ಸೇವಾ ತೆರಿಗೆಯನ್ನು ಮರಳಿ ಪಡೆಯುವ ವ್ಯವಸ್ಥೆಯದು. 2018-19 ಮತ್ತು 2019-20ಕ್ಕೆ 325 ಕೋಟಿ ರೂಪಾಯಿ ನಿಗದಿಯಾಗಿತ್ತು. ಅರ್ಜಿ ಹಾಕುವವರು ಚಾಲ್ತಿ ಸಾಲಿನ ಆದೇಶವನ್ನು ನೋಡಿಕೊಳ್ಳತಕ್ಕದ್ದು.

ದಾನಿಗಳಿಗೆ ಆದಾಯ ತೆರಿಗೆಯ 80ಜಿ ವಿನಾಯಿತಿ ಕೊಡಿಸಬೇಕೆಂಬ ಟ್ರಸ್ಟ್‌ಗಳು ಪೂಜೆ, ಉತ್ಸವಗಳ ಖರ್ಚನ್ನು ಸೇವೆಯ ಖರ್ಚಿನಿಂದ ಬೇರ್ಪಡಿಸಲೇಬೇಕು. ಧಾರ್ಮಿಕ ವೆಚ್ಚವು ವರ್ಷದ ಒಟ್ಟು ಆದಾಯದ ಶೇಕಡಾ 5ನ್ನು ಮೀರಿದರೆ ಆ ಸೌಲಭ್ಯಕ್ಕೆ ಧಕ್ಕೆ. ಮಠದ ಹೆಸರಿನಲ್ಲಿಯೇ ಎಲ್ಲವನ್ನೂ ನಡೆಸುವುದಕ್ಕಿಂತ ಸೇವಾ ಕಾರ್ಯಕ್ಕೆ ಪ್ರತ್ಯೇಕ ಟ್ರಸ್ಟ್ ಅಥವಾ ಸಂಘವನ್ನು ನೋಂದಾಯಿಸಿಕೊಳ್ಳುವುದು ಲೆಕ್ಕದ ದೃಷ್ಟಿಯಿಂದ ಸುಲಭ.

ಅರ್ಜಿ ಸಲ್ಲಿಕೆ

ತಸ್ತೀಕ್, ವರ್ಷಾಸನ, ಅರ್ಚಕರ ಹೆಸರು ಬದಲಾವಣೆ ಹಾಗೂ ಆರಾಧನಾ ಯೋಜನೆಗೆ ಆಯಾ ತಾಲ್ಲೂಕಿನ ತಹಶೀಲ್ದಾರರ ಕಚೇರಿಯ ಮುಜರಾಯಿ ಶಾಖೆಯಲ್ಲಿ ಅರ್ಜಿ ಕೊಟ್ಟು, ದಿನಾಂಕ ಮತ್ತು ಸಂಖ್ಯೆಯುಳ್ಳ ಸ್ವೀಕೃತಿಯನ್ನು ಪಡೆಯಬೇಕು. ಮೇಲ್ಮಟ್ಟದ ವಿಚಾರಣೆಗೆ ಜಮಖಂಡಿಯ ಉಪವಿಭಾಗಾಧಿಕಾರಿಗಳ ಕಚೇರಿ ಮತ್ತು ಬಾಗಲಕೋಟೆ ನವನಗರದ ಜಿಲ್ಲಾಧಿಕಾರಿಗಳ ಕಚೇರಿಯ ಧಾರ್ಮಿಕ ದತ್ತಿ ವಿಭಾಗ ಇವೆ. ಯಾವುದೇ ಹಂತದಲ್ಲಿ ಮಧ್ಯವರ್ತಿಗಳಿಗೆ ಹಣ ಕೊಡಬೇಕಾಗಿಲ್ಲ. ಅರ್ಜಿ ತಿರಸ್ಕೃತವಾಗಿ ಕಾರಣ ತಿಳಿಯದಿದ್ದಲ್ಲಿ, 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಕಡತದ ಟಿಪ್ಪಣಿ ಹಾಳೆಯ ಪ್ರತಿಯನ್ನು ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡುವುದು ಕಚೇರಿಯ ಕರ್ತವ್ಯ.